ಹಳದಿ ಮಲ್ಲಿಗೆಯ ಘಮ

ಎಣ್ಣೆ ಡಬ್ಬಿಯಲ್ಲಿ ನೆಟ್ಟ ಹಳದಿ ಮಲ್ಲಿಗೆ ಗಿಡವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಮಚ್ಚೇಂದ್ರ ಕಲ್ಯಾಣದಲ್ಲಿ ಹುಮನಾಬಾದಿನ ಬಸ್ಸು ಹತ್ತಿದ. ಯುದ್ಧದ ಕಾಲ, ಪೆಟ್ರೋಲಿಲ್ಲ; ಬಸ್ಸು ಇದ್ದಿಲಿನ ಹೊಗೆ ಕುಡಿದು ಮುದುಕನಂತೆ ಕೆಮ್ಮುತ್ತ ಹೊರಟಿತು.

ಇವನು ಮೊಹಿನುದ್ದೀನ್ ಸೇಠರ ಹುಮನಾಬಾದ್ ಬಟ್ಟೆ ಅಂಗಡಿಯ ಗುಮಾಸ್ತ. ಹೆಂಡತಿ ಕಾಂತಾಬಾಯಿ ಇರುವುದು ಕಲ್ಯಾಣದಲ್ಲಿ. ಸೇಠರಿಗೆ ಅಲ್ಲೂ ಒಂದು ಅಂಗಡಿ. ಅಲ್ಲಿಗೆ ಕಳಿಸಿ ಎಂದು ಬಾಯಿಬಿಟ್ಟು ಕೇಳುವ ಎದೆ ಆರು ವರ್ಷದಿಂದ ಇವನಿಗಿಲ್ಲ. ನೆಟ್ಟಗೆ ಕೇಳಲಾರದವನು ಸೊಟ್ಟ ದಾರಿ ಹಿಡಿದ: ಸೇಠರ ಹೆಂಡತಿ ಖುರ್ಷೀದ್ ಬೇಗಂಗೆ ಹೂವಿನ ಹುಚ್ಚು, ಸೇಠರಿಗೆ ಬೇಗಂ ಮಾತೇ ಹುಕುಂ. ‘ಚೀನಾದ ಮಲ್ಲಿಗೆ, ಈ ಸೀಮೆಗೆಲ್ಲ ಇದೊಂದೇ’ ಎಂದು ಕಲ್ಯಾಣದ ಮಾಲಿ ಖಾಜಾ ಆಣೆಯಿಟ್ಟು ಕೊಟ್ಟಿದ್ದ. ಈ ಜಾಣ ನಂಬಿದ್ದ. ಬೇಗಂಗೆ ಒಯ್ಯುತ್ತಿದ್ದೇನೆಂದು ಬಸ್ಸಿಗೆಲ್ಲ ಹೇಳಿಯೂ ಆಗಿತ್ತು.

ಪಕ್ಕದ ಸೀಟಿನಲ್ಲಿದ್ದ ಹುಲಸೂರದ ಚಂದಮ್ಮ ಕೇಳದೆಯೇ ಹೂ ಕಿತ್ತು ಮೂಸಿದಳು.

“ತಮ್ಮಾ, ಇದ್ಯಾವ ಮಲ್ಲಿಗಿ? ಘಮಾನೇ ಇಲ್ಲಲ್ಲೋ!”

“ವಿಲಾಯತಿ ಅದರಿ ಅಕ್ಕಾ. ನಾಜೂಕ ಇರ್ತದ.”

“ಉಪ್ಪಿಲ್ಲದ ಸಾರಿಗಿ ನಾಜೂಕ ಅಂದ್ರ ಗಂಡ ಉಣತಾನೇನು?”

ಬಸ್ಸೆಲ್ಲ ನಕ್ಕಿತು. ಮಚ್ಚೇಂದ್ರನ ಮುಖ ನೀರಿಲ್ಲದ ಸಸಿಯಾಯಿತು. ಹಿಂದಿನಿಂದ ಅತ್ತರು ಮಾರುವ ಗೌಸ ತಲೆ ಹಾಕಿದ.

“ಫಿಕರ್ ಯಾಕ್ರಿ ಭಾಯಿ? ಎರಡ ಹನಿ ಹಾಕ್ತೀನಿ. ಬೇಗಂ ಖುಷ್ ಆಗದಿದ್ರ ನನ್ನ ಮೀಸಿ ಬೋಳಸ್ರಿ.”

ಆಗಲೇ ಬಸ್ಸು ಗುಂಡಿಗೆ ಬಿತ್ತು. ಸೀಸೆ ಪೂರ್ತಿ ಗಿಡದ ಮೇಲೆ, ಧೋತರದ ಮೇಲೆ, ಚಂದಮ್ಮನ ಗಂಟಿನ ಮೇಲೆ.

“ಎಲಾ ಇವನ! ನನ್ನ ರೊಟ್ಟಿ ಬುತ್ತಿ ಅತ್ತರ ಹಚ್ಚಿದ ಮದುವಿ ಮದಲಗಿತ್ತಿ ಆತಲ್ಲೋ!”

ಸೇಠರ ಮನೆಯಲ್ಲಿ ಡಬ್ಬಿ ಪರದೆಯ ಒಳಗೆ ಹೋಯಿತು. ತುಸು ಹೊತ್ತಿಗೆ ಸೇಠರು ನಗುತ್ತ ಬಂದರು.

“ವಾಹ್ ಮಚ್ಚೇಂದ್ರ! ಬೇಗಂ ಭಾಳ ಖುಷ್ ಆಗ್ಯಾರ.”

“ಹಂಗಾರ ಹುಜೂರ್, ನನ್ನ ಕಲ್ಯಾಣದ್ದೊಂದು ಅರ್ಜಿ...”

“ತಡಿ, ಹಿತ್ತಲಿಗಿ ಬಾ.”

ಅಂಗಡಿಯ ಗುಮಾಸ್ತ ಮಚ್ಚೇಂದ್ರ ಆ ಹಿತ್ತಲು ನೋಡಿದ್ದು ಇದೇ ಮೊದಲು. ಬಾವಿಕಟ್ಟೆ, ಗೋಡೆ, ಗೋಡೆಯಾಚೆ ನಾಲೆಯ ದಡ, ಎಲ್ಲೆಲ್ಲೂ ಅದೇ ಹಳದಿ ಮಲ್ಲಿಗೆ!

“ನಮ್ಮ ಅಬ್ಬಾ ಹೈದರಾಬಾದಿಂದ ಒಂದ ಕಡ್ಡಿ ತಂದು ಊರಿದ್ರು. ಟೊಂಗಿ ನೆಲಾ ಮುಟ್ಟಿದಲ್ಲೆಲ್ಲ ಬೇರು ಬಿಟ್ಟು ಬೆಳ್ಯಾಕತ್ತಾವ. ಕಡದು ಒಗದದ್ದು ಕಲ್ಯಾಣದ ಖಾಜಾ ಬಿಟ್ಟಿ ಒಯ್ತಾನ. ಆದರ ಇಷ್ಟ್ರಾಗ ಒಂದಕ್ಕೂ ವಾಸನಿ ಇಲ್ಲ. ನಿನ್ನ ಕೈಯಾಗ ಮಾತ್ರ ಘಮಾ ಬಂತು! ಬೇಗಂ ಹುಕುಂ ಕೇಳು: ಇವೆಲ್ಲಾ ಘಮಘಮ ಅನ್ನೋತನಕ ನೀ ಹುಮನಾಬಾದ್ ಬಿಡಂಗಿಲ್ಲ. ತಿಳೀತಿಲ್ಲೋ?”

‘ಅದು ಅತ್ತರು’ ಎಂದಿದ್ದರೆ ಮುಗಿಯುತ್ತಿತ್ತು. ಹೇಳಲೆಂದೇ ಮಚ್ಚೇಂದ್ರ ಬಾಯಿ ತೆರೆದ. ಆರು ವರ್ಷದ ಅಭ್ಯಾಸ. “ಹೌದ್ರಿ ಹುಜೂರ್” ಎಂಬುದೇ ಹೊರಬಿತ್ತು.

ಕಾಲ ಬಳಿ ಒಂದು ಟೊಂಗೆ ನೆಲ ಮುಟ್ಟಿ ಬೇರು ಬಿಟ್ಟಿತ್ತು. ಇನ್ನೊಂದು ಬೇರು ಅವನದು.