ಸೊರಬದ ಹುಡುಗಿಗೆ ಹತ್ತಕ್ಕೆ ಆರು

ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವನ ಜೇಬಿನಲ್ಲಿ ಕೆಂಪು ಪೆನ್ನಿದ್ದರೆ ಎದುರಿಗೆ ಬಂದ ಯಾವ ಕಾಗದಕ್ಕೂ ಉಳಿಗಾಲವಿಲ್ಲ. ನಿವೃತ್ತನಾದ ಮೇಲೂ ನನ್ನ ಚಟ ಬಿಟ್ಟಿಲ್ಲ. ಶಿಕಾರಿಪುರದ ನಮ್ಮ ಬೀದಿಯವರೊಬ್ಬರು ತೀರಿಕೊಂಡ ತಂದೆಯ ಶಿವಗಣಾರಾಧನೆಯ ಪತ್ರಿಕೆ ಕೊಡಲು ಬಂದಾಗ, ನಿಂತ ನಿಲುವಿನಲ್ಲೇ ನಾಲ್ಕು ತಪ್ಪು ಗುರುತು ಹಾಕಿ, ‘ಮುಂದಿನ ಸಲ ಜಾಗ್ರತೆ’ ಎಂದು ಬುದ್ಧಿ ಹೇಳಿ ಕಳಿಸಿದ್ದೆ. ಅವರು ಈಗ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ.

ಇಂಥವನನ್ನು ನನ್ನ ತಮ್ಮ ತನ್ನ ಮಗ ಶಿವುವಿಗೆ ಹೆಣ್ಣು ನೋಡಲು ಸೊರಬಕ್ಕೆ ಕರೆದುಕೊಂಡು ಹೋದ. ಮೊದಲಿನ ಮೂರು ಕಡೆಯೂ ಹುಡುಗಿಯರು ಒಲ್ಲೆ ಎಂದಿದ್ದರು. ಇದೂ ತಪ್ಪಿದರೆ ಕಷ್ಟವೆಂದು ಮನೆಯವರೆಲ್ಲ ಜೀವ ಕೈಯಲ್ಲಿ ಹಿಡಿದಿದ್ದರು. ಉಪ್ಪಿಟ್ಟು, ಕೇಸರಿಬಾತು ಬಂದವು. ಹುಡುಗಿ ನೇತ್ರಾಳೂ ಬಂದು ಕೂತಳು. ಹಾಡು ಬರುತ್ತದೆಯೇ ಎಂದು ಕೇಳುವ ಕಾಲ ಹೋಯಿತಲ್ಲ, ಅವಳ ಅಪ್ಪನೇ ಶುರುಮಾಡಿದರು: “ನಮ್ ಹುಡುಗಿ ಫೋನಲ್ಲೇ ಸ್ಪ್ಯಾನಿಷ್ ಕಲ್ತಿದಾಳೆ. ಮೇಷ್ಟ್ರೇ, ನೀವೇ ಒಂದ್ಸಲ ನೋಡಿ ಹೇಳಿ.”

ಸ್ಪ್ಯಾನಿಷ್ ನನಗೆ ಬರುವುದಿಲ್ಲವೆಂದು ಹೇಳಬಹುದಿತ್ತು. ಹೇಳಲಿಲ್ಲ. ಅವಳು ನಾಲ್ಕು ಸಾಲು ಬರೆದುಕೊಟ್ಟಳು. ಒಂದು ಪ್ರಶ್ನಾರ್ಥಕ ಚಿಹ್ನೆ ತಲೆಕೆಳಗಾಗಿ ವಾಕ್ಯದ ಮೊದಲಿಗೇ ಬಂದು ನಿಂತಿತ್ತು, ಅದನ್ನು ಹೊಡೆದುಹಾಕಿದೆ. ಅಕ್ಷರಗಳ ನೆತ್ತಿಯ ಮೇಲಿದ್ದ ಓರೆ ಗೆರೆ, ಅಲೆ, ಚುಕ್ಕಿ ಎಲ್ಲಕ್ಕೂ ಸುತ್ತು ಹಾಕಿದೆ. ‘ಅಲ್ಲಲ್ಲಿ ಪೆನ್ನು ಜಾರಿದೆ’ ಎಂದು ಷರಾ ಬರೆದು ಹತ್ತಕ್ಕೆ ಆರು ಕೊಟ್ಟೆ.

“ಸರ್, ಅವೆಲ್ಲ ಬೇಕಂತಲೇ ಹಾಕಿದ್ದು,” ಎಂದಳು ನೇತ್ರಾ. “ಈ ಓರೆ ಗೆರೆಗೆ ಇಂಗ್ಲಿಷಲ್ಲಿ ಅಕ್ಯೂಟ್ ಅಂತಾರೆ. ಎನ್ ಮೇಲಿನ ಅಲೆ ಟಿಲ್ಡೆ. ಸ್ಪ್ಯಾನಿಷ್‌ನೋರು ಮಾತ್ರ ಓರೆ ಗೆರೆಗೇ ಟಿಲ್ಡೆ ಅಂತಾರೆ. ಯು ಮೇಲಿನ ಎರಡು ಚುಕ್ಕಿ ಡಯೆರಿಸಿಸ್.”

ಕೊನೆಯದನ್ನು ಕೇಳಿ, ಹುಡುಗಿಗೆ ಏನೋ ಕಾಯಿಲೆಯಿರಬೇಕೆಂದು ನನ್ನ ತಮ್ಮ ಕೇಸರಿಬಾತಿನ ತಟ್ಟೆ ಕೆಳಗಿಟ್ಟ. ನನಗೋ ಭೂಮಿ ಬಾಯಿಬಿಡಬಾರದೇ ಎನಿಸಿತು. ಭಾಷೆ ಸ್ಪೇನಿನದಾದರೂ ಹೆಸರುಗಳು ಇಂಗ್ಲಿಷಿನವು, ಮತ್ತು ಇಂಗ್ಲಿಷ್ ಮೇಷ್ಟರು ಒಂದನ್ನೂ ಕೇಳಿರಲಿಲ್ಲ. ಆದರೂ ಗತ್ತು ಬಿಡದೆ, “ಇವನ್ನೆಲ್ಲ ಈಗ ತೆಗೆದುಹಾಕಿದಾರಮ್ಮ,” ಎಂದೆ.

“ಯಾರು ಸರ್?”

ಉತ್ತರಕ್ಕಾಗಿ ನಾನು ಉಪ್ಪಿಟ್ಟಿನೊಳಗೆ ಹುಡುಕಾಡಿದೆ. ಅವಳು ಶಿವುವಿನ ಕಡೆ ತಿರುಗಿ, “ನಿಮಗೆ ಇವು ಗೊತ್ತಿದ್ವಾ?” ಎಂದು ಕೇಳಿದಳು.

“ಒಂದೂ ಗೊತ್ತಿಲ್ರೀ. ನೀವು ಹೇಳಿಕೊಟ್ರೆ ಕಲೀತೀನಿ,” ಎಂದ ಅವನು.

ವಾಪಸು ಬರುವಾಗ ಉಡುತಡಿ ದಾಟುತ್ತಲೇ ತಮ್ಮ, “ಅಣ್ಣಾ, ನಿನ್ನ ಕರ್ಕಂಡು ಹೋಗಿದ್ದೇ ನನ್ನ ತಪ್ಪು ನೋಡು,” ಎಂದ. ಹುಡುಗನ ಬಾಳಿಗೆ ಕಲ್ಲು ಹಾಕಿದೆನಲ್ಲ ಎಂದು ನನಗೂ ಅನಿಸಿತು.

ಮೂರನೆಯ ದಿನ ಸೊರಬದಿಂದ ಫೋನ್ ಬಂತು. ಹುಡುಗಿ ಒಪ್ಪಿದ್ದಾಳೆ! ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ನೇರವಾಗಿ ಹೇಳುವ ಗಂಡಸು ಸಿಗುವುದು ಅಪರೂಪವಂತೆ. ಮನೆಯವರೆಲ್ಲ ಶಿವುವನ್ನು ಹೊಗಳಿದ್ದೇ ಹೊಗಳಿದ್ದು. ನನ್ನ ಹೆಸರನ್ನು ಒಬ್ಬರಾದರೂ ಎತ್ತಬೇಕಲ್ಲ! ಎಂಟನೆಯ ತರಗತಿಯಿಂದ ಹತ್ತರವರೆಗೆ ಅವನಿಗೆ ಇಂಗ್ಲಿಷ್ ಕಲಿಸಿದವನು ನಾನೇ. ಅವನಿಗೆ ಒಂದೂ ಗೊತ್ತಿಲ್ಲದಿರುವುದರ ಹಿಂದೆ ನನ್ನ ಮೂರು ವರ್ಷಗಳ ಪರಿಶ್ರಮವಿದೆ.