ಬೆಲ್ಲ ಬಲ್ಲವನ ಅರ್ಜಿ

ನನಗೊಂದು ಹೆಸರಿದೆ ಎಂಬುದು ತಮಿಳು ಸೀಮೆಯಲ್ಲಿ ನೆಲೆಸಿದ ನಮ್ಮ ಕನ್ನಡದವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅಯ್ಯನಾರ್ ಅಂತ. ಊರ ಗಡಿಯಲ್ಲಿ ಕುದುರೆಯೇರಿ, ಕತ್ತಿ ಹಿರಿದು, ಮೀಸೆ ತಿರುವಿ ಕೂತ ಕಾವಲು ದೇವರ ಹೆಸರು. ಆದರೆ ಚಿನ್ನಮನೂರಿನ ಸಂತೆಯಲ್ಲಿ ಯಾರನ್ನಾದರೂ ಕೇಳಿ ನೋಡಿ, "ಓ, ನಮ್ಮ ಓಚ್ಚಮ್ಮಾಳ್ ಗಂಡನಾ" ಎನ್ನುತ್ತಾರೆ. ನಾನು ಮನೆ ಅಳಿಯ. ಕಬ್ಬು ಮಾವನದು, ಆಲೆಮನೆ ಮಾವನದು, ಬೆಲ್ಲದ ಪಾಕದ ಹದ ಹೆಂಡತಿಯದು. ಒಲೆಗೆ ಕಬ್ಬಿನ ಸಿಪ್ಪೆ ತಳ್ಳುವುದು, ಹೊಗೆ ಕುಡಿಯುವುದು, ಇವೆರಡು ಖಾತೆಗಳು ಮಾತ್ರ ನನ್ನವು.

ಇದನ್ನೂ ಸಹಿಸಿಕೊಂಡಿದ್ದೆ. ಅಷ್ಟರಲ್ಲಿ ನನ್ನ ಷಡ್ಡಕ ಪೆರಿಯಸಾಮಿ ಹೊಟ್ಟೆಗೆ ಬೆಂಕಿ ಹಾಕಿದ. ಕುಮಿಳಿ ಘಟ್ಟದ ಮೇಲೆ ದೊರೆಗಳು ಅಣೆಕಟ್ಟು ಕಟ್ಟುತ್ತಿದ್ದ ಕಾಲ ಅದು. ಪಡುವಣಕ್ಕೆ ಹರಿಯುವ ಹೊಳೆಯನ್ನು ನಮ್ಮ ಕಡೆ ತಿರುಗಿಸುತ್ತಾರೆಂದು ಸುದ್ದಿ. (ನದಿ ಇರಲಿ, ಮೊದಲು ನನ್ನ ಹೆಂಡತಿಯ ಮುಖವನ್ನು ನನ್ನ ಕಡೆ ತಿರುಗಿಸಲಿ ಎಂದುಕೊಂಡಿದ್ದೆ.) ಪೆರಿಯಸಾಮಿ ಅಲ್ಲಿ ಏನೋ ಕೆಲಸ ಹಿಡಿದು, ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ, ಪಟ್ಟಿಗೆ ಹಿತ್ತಾಳೆ ಬಿಲ್ಲೆ ಹಾಕಿಕೊಂಡು ಬಂದ. ಅತ್ತೆ ಅವನಿಗೆ ಕೂರಲು ಮಣೆ ಕೊಟ್ಟರು. ನನಗೆ, ಅವನ ಕೈಗೆ ನೀರು ಹಾಕುವ ಚೊಂಬು ಕೊಟ್ಟರು.

ಅಂದೇ ಆಲೆಮನೆಯಲ್ಲಿ ಕೆಲಸದ ಮಾತೆತ್ತಿ ಹೆಂಡತಿಗೆ ಹೇಳಿದೆ, "ಓಚ್ಚಾ, ನಾನೂ ಸರ್ಕಾರಿ ವೇಲೆಗೆ ಹೋಗ್ತೀನಿ."

ಅವಳು ಕೊಪ್ಪರಿಗೆಯಿಂದ ಕಣ್ಣು ತೆಗೆಯಲಿಲ್ಲ. "ಒಲೇಗೆ ಸಿಪ್ಪೆ ಹಾಕು ಮಾಮಾ. ಕನಸಿಗೆ ಆಮೇಲೆ ಹಾಕೀಯಂತೆ."

"ಯಾಕೆ, ನಂಗೆ ಯಾರೂ ವೇಲೆ ಕೊಡಾಕಿಲ್ವಾ?"

"ಕೊಡ್ತಾರೆ. ಏನು ತಿಳೀತದೆ ಅಂತ ಕೇಳಿದ್ರೆ ಏನಂತ ಹೇಳ್ತಿ, ಪಾವಂ." ಎಂದು ಅಯ್ಯೋ ಪಾಪ ಅನ್ನುವ ದನಿಯಲ್ಲಿ ಹೇಳಿ ಸೌಟಿನಲ್ಲಿ ಪಾಕ ಎತ್ತಿ ನೋಡಿದಳು. "ಬಿಲ್ಲೆ ಹಾಕ್ಕೊಂಡು ಬಾ. ನಿಂಗೂ ಮಣೆ ಹಾಕಿ ಕೂರಿಸ್ತೀನಿ."

ಮಾತು ಚುಚ್ಚಿತು. ಮಣೆಯ ಮೇಲೆ ಕೂರದೆ ಸಾಯುವುದಿಲ್ಲ ಎಂದು ನಿರ್ಧರಿಸಿದೆ.

ಚಿನ್ನಮನೂರಿನಲ್ಲಿ ಅರ್ಜಿ ಬರೆಯುವ ಮೂಕಯ್ಯನೆಂಬ ಮಹಾನುಭಾವರಿದ್ದರು. ಹೆಸರು ಇಟ್ಟವರು ಎಂಥ ದೂರದೃಷ್ಟಿ ಇಲ್ಲದವರೋ, ಮೂಕಯ್ಯನವರ ಬಾಯಿ ನಿಂತರೆ ಲೇಖನಿ ನಡೆಯುತ್ತಿತ್ತು, ಲೇಖನಿ ನಿಂತರೆ ಬಾಯಿ. ಇಂಗ್ಲಿಷ್ ಅರ್ಜಿಗೆ ಅವರನ್ನು ಬಿಟ್ಟರೆ ಇಲ್ಲ ಎಂಬ ಖ್ಯಾತಿ.

"ಏನು ತಿಳೀತದೆ ತಂಬಿ ನಿಂಗೆ?" ಎಂದು ಅವರೂ ಅದನ್ನೇ ಕೇಳಿದರು.

"ಸಿಪ್ಪೆ ಹಾಕೋದು ತಿಳೀತದೆ ಅಣ್ಣಾ."

"ಇದನ್ನ ಬರೆದ್ರೆ ದೊರೆ ಅರ್ಜೀನೇ ಒಲೇಗೆ ಹಾಕ್ತಾನೆ. ಕೇಳು. ದೊರೇಗೆ ಹೊತ್ತಿರಾಕಿಲ್ಲ. ನಿಂಗೆ ಹತ್ತು ಕೆಲಸ ಬಂದ್ರೂ ಒಂದನ್ನೇ ಹೇಳ್ಬೇಕು. ಆ ಒಂದನ್ನ ಈ ಸೀಮೇಲಿ ನಿನ್ನಂಗೆ ಇನ್ನೊಬ್ಬ ಬಲ್ಲವನಿಲ್ಲ ಅನ್ನೋ ಹಂಗೆ ಹೇಳ್ಬೇಕು. ನಿಮ್ಮ ಮನೇಲಿ ಹೆಸರುವಾಸಿ ಏನೈತೆ?"

"ಬೆಲ್ಲ."

"ಹಂಗಾದ್ರೆ ನೀನು ಬೆಲ್ಲದ ನಿಪುಣ."

ಹದ ನನ್ನದಲ್ಲ, ಹೆಂಡತಿಯದು ಎಂದು ಹೇಳಲು ಬಾಯಿ ತೆರೆದೆ. ಆದರೆ ಅವಳು ನನ್ನ ಅರ್ಧಾಂಗಿ ಎಂದ ಮೇಲೆ ಅವಳ ನೈಪುಣ್ಯದಲ್ಲಿ ಅರ್ಧವಾದರೂ ನನ್ನದೇ ಆಗಬೇಕಲ್ಲ. ಉಳಿದರ್ಧವನ್ನು ಮೂಕಯ್ಯನವರು ಸೇರಿಸಿದರು. 'ತಮ್ಮ ಪಾದಧೂಳಿಯಲ್ಲಿ ಹೊರಳುವ ಪರಮ ವಿಧೇಯ ಸೇವಕ' ಎಂದು ಅರ್ಜಿ ಆರಂಭವಾಗಿ, ಬಾಲ್ಯದಿಂದ ಬೆಲ್ಲದಲ್ಲೇ ಮಿಂದೆದ್ದವನು, ಅದರ ಏರಿಳಿತಗಳನ್ನು ಅಂಗೈ ಗೆರೆಯಂತೆ ಬಲ್ಲವನು ಎಂದು ಸಾಗಿತು. ಒಂದೇ ಒಂದು ಕಡೆ ಲೇಖನಿ ತಡವರಿಸಿತು. ಬೆಲ್ಲಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಅವರಿಗೆ ಹೊಳೆಯಲಿಲ್ಲ. ಬೆಲ್ಲದ ತಮಿಳು ಹೆಸರಾದ 'ವೆಲ್ಲಂ' ಎಂಬುದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಮುಗಿಸಿದರು.

(ಇಲ್ಲಿ ಸ್ವಲ್ಪ ನಿಲ್ಲಿ. ತಮಿಳಿನಲ್ಲಿ ವೆಲ್ಲಂ ಎಂದರೆ ಬೆಲ್ಲ, ವೆಳ್ಳಂ ಎಂದರೆ ನೆರೆ. ಮಲಯಾಳದವರಿಗೆ ವೆಳ್ಳಂ ಎಂದರೆ ಬರೀ ನೀರು, ಬೆಲ್ಲಕ್ಕೆ ಅವರು ಬೇರೆ ಏನೋ ಅನ್ನುತ್ತಾರೆ. ಇಂಗ್ಲಿಷ್ ಅಕ್ಷರಕ್ಕೋ ಲಕಾರ ಳಕಾರದ ಭೇದವೇ ಗೊತ್ತಿಲ್ಲ. ಇದೆಲ್ಲ ಈಗ ನನಗೆ ಚೆನ್ನಾಗಿ ಗೊತ್ತು. ಆಗ ಗೊತ್ತಿರಲಿಲ್ಲ.)

ಅಣೆಕಟ್ಟಿನ ದೊರೆಯಿಂದ ಟಪಾಲಿನಲ್ಲಿ ಉತ್ತರ ಬಂತು. ಕೂಡಲೇ ಹೊರಟು ಬರಬೇಕಂತೆ. ಓಚ್ಚಮ್ಮಾಳ್ ಬಾಯಿ ತೆರೆದು ಹಾಗೆಯೇ ನಿಂತಳು. ಮದುವೆಯಾದ ಮೇಲೆ ಅವಳ ಬಾಯಿಂದ ಮಾತು ಬಾರದ್ದು ಅದೇ ಮೊದಲು.

ನಮ್ಮ ಕಡೆಯ ಗೂಡಲೂರು ದಾಟಿ ಘಟ್ಟ ಹತ್ತಿ ಅಣೆಕಟ್ಟಿನವರ ಬಿಡಾರ ಸೇರಿದೆ. ಡೇರೆಯಲ್ಲಿ ದೊರೆ ಕೂತಿದ್ದ. ಪಕ್ಕದಲ್ಲಿ ತಿರುವಾಂಕೂರಿನ ಕಡೆಯ ಒಬ್ಬ ಗುಮಾಸ್ತ, ಹಣೆಗೆ ಗಂಧ. ನನ್ನ ಮಾತನ್ನು ದೊರೆಗೆ ದಾಟಿಸುವವನು ಅವನೇ.

"ವೆಳ್ಳಂನಲ್ಲಿ ಬಹಳ ಪಳಗಿದವನಂತಲ್ಲ ನೀನು?" ಎಂದು ಕೇಳಿದ. ಳಕಾರ ದಪ್ಪಗೆ ಬಂತು. ಮಲೆಯವರ ನಾಲಿಗೆಯೇ ಹಾಗೆ ಎಂದುಕೊಂಡೆ. ಆಮೇಲೆ ನನ್ನ ಲಕಾರ ಕೇಳಿ ಅವನೂ, ಈ ಕನ್ನಡದವರ ನಾಲಿಗೆಯೇ ಹಾಗೆ ಎಂದುಕೊಂಡನಂತೆ.

"ವೆಲ್ಲಂ ನಮ್ಮ ಮನೆತನದ ಸೊತ್ತು ಸಾಮಿ."

"ಅದು ಏರಿ ಬರುತ್ತದೆ ಅಂತ ಮುಂಚೆಯೇ ಹೇಗೆ ತಿಳೀತದೆ?"

ಓಚ್ಚಮ್ಮಾಳ್ ದಿನಾ ಗೊಣಗುವುದನ್ನೆಲ್ಲ ಒಪ್ಪಿಸಿದೆ. "ನೊರೆ ನೋಡ್ಬೇಕು. ಮೊದಲು ಬೆಳ್ಳಗೆ ಬರ್ತದೆ, ಆಮೇಲೆ ಕೆಂಪಾಗ್ತದೆ. ಸದ್ದು ದಪ್ಪ ಆಗ್ತದೆ. ಆಗ ಕಣ್ಣು ತೆಗೀಬಾರ್ದು."

ದೊರೆ ಮುಂದಕ್ಕೆ ಬಾಗಿ ಕೂತ.

"ಉಕ್ಕಿದರೆ ಏನು ಮಾಡ್ತೀ?"

"ಎರಡು ತೊಟ್ಟು ಹರಳೆಣ್ಣೆ ಬಿಡ್ತೀವಿ ಸಾಮಿ. ತಟ್ಟಂತ ಇಳೀತದೆ."

ಗುಮಾಸ್ತನ ಲೇಖನಿ ನಿಂತಿತು. ದೊರೆ ಮಾತ್ರ ತಲೆಯಾಡಿಸಿದ. ಸಮುದ್ರದಲ್ಲಿ ಅಲೆ ಎದ್ದಾಗ ಅವನ ದೇಶದ ಹಡಗಿನವರೂ ಎಣ್ಣೆ ಸುರಿಯುವುದುಂಟಂತೆ.

"ಎಣ್ಣೆಗೂ ಬಗ್ಗದಿದ್ದರೆ?"

ಆಗ ಬಾಯಿ ತಪ್ಪಿ ನಿಜ ಹೊರಬಿತ್ತು. "ಓಚ್ಚಮ್ಮಾಳ್ನ ಕೂಗ್ತೀನಿ. ಅವಳು ಬಂದು ನಿಂತ್ರೆ ಎಲ್ಲಾ ಅಡಗ್ತದೆ."

"ಇವರ ಗ್ರಾಮದೇವತೆ" ಎಂದು ಗುಮಾಸ್ತ ದೊರೆಗೆ ವಿವರಿಸಿದ. ಇದರಲ್ಲಿ ಅಂಥ ತಪ್ಪೇನೂ ಇರಲಿಲ್ಲವಾದ್ದರಿಂದ ನಾನು ತಿದ್ದಲಿಲ್ಲ.

ಕೆಲಸವಾಯಿತು. ಕಾವಲಿನ ಕೆಲಸ. ಕೆಂಪು ಪಟ್ಟಿ, ಹಿತ್ತಾಳೆ ಬಿಲ್ಲೆ, ಕುತ್ತಿಗೆಗೆ ಒಂದು ದೊಡ್ಡ ಗಂಟೆ. ಕೂಲಿಯವರಿಗೆಂದು ತರಿಸಿದ ಬೆಲ್ಲದ ಉಗ್ರಾಣ ಕಾಯುವುದಿರಬೇಕು, ಗಂಟೆ ಇರುವೆಗಳನ್ನು ಓಡಿಸುವುದಕ್ಕಿರಬೇಕು ಎಂದುಕೊಂಡೆ. ಬೆಳಗ್ಗೆ ಜವಾನ ನನ್ನನ್ನು ಹೊಳೆಯ ಮಧ್ಯಕ್ಕೆ ಚಾಚಿದ ಬಂಡೆಯ ಮೇಲೆ ಕೂರಿಸಿದ. ಎದುರಿಗೆ ಗೆರೆ ಎಳೆದ ಒಂದು ಕಂಬ ನೆಟ್ಟಿತ್ತು. ಕೆಳಗಡೆ ನೂರಾರು ಜನ ಕಲ್ಲು ಹೊರುತ್ತಿದ್ದರು.

"ವೆಲ್ಲಂ ಎಲ್ಲಪ್ಪಾ?" ಎಂದೆ.

"ಬರ್ತದೆ, ಮೇಲಿಂದ" ಎಂದು ಅವನು ಮಲೆಯ ಕಡೆ ಕೈ ತೋರಿಸಿ ಹೋದ.

ಗಾಡಿಯಲ್ಲಿ ಬರುತ್ತದೆಂದು ಕಾಯುತ್ತಾ ಕೂತೆ. ಮಧ್ಯಾಹ್ನದ ಹೊತ್ತಿಗೆ ಮಲೆಯಲ್ಲಿ ಗುಡುಗಿತು. ಸ್ವಲ್ಪ ಹೊತ್ತಿಗೆ ಹೊಳೆ ಬೆಳ್ಳಗೆ ನೊರೆ ಕಟ್ಟಿತು. ನೊರೆ ಕೆಂಪಾಯಿತು. ಸದ್ದು ದಪ್ಪವಾಯಿತು. ನೀರೆಂದರೆ ನನಗೆ ಹುಟ್ಟಿನಿಂದ ನಡುಕ, ಹೊಳೆಯ ಪಕ್ಕದಲ್ಲಿದ್ದರೂ ಚೊಂಬಿನಲ್ಲೇ ಸ್ನಾನ ಮಾಡುವವನು ನಾನು. ಎದ್ದವನೇ ಓಡಿದೆ. ಕುತ್ತಿಗೆಯ ಗಂಟೆ ತಾನಾಗಿ ಬಡಿದುಕೊಂಡಿತು. ಕೆಳಗಿದ್ದವರು ಸಾಮಾನು ಎತ್ತಿಕೊಂಡು ನನ್ನ ಹಿಂದೆ ಓಡಿದರು. ಎಲ್ಲರೂ ದಡ ಹತ್ತಿದ ಮೇಲೆ ಹೊಳೆ ಬಂಡೆಯನ್ನು ನುಂಗಿತು.

ಗುಮಾಸ್ತ ಏದುಸಿರು ಬಿಡುತ್ತಾ ಬಂದು ಬೆನ್ನು ತಟ್ಟಿದ. "ನೊರೆ, ಬಣ್ಣ, ಸದ್ದು, ಎಲ್ಲ ನೀ ಹೇಳಿದಂತೆಯೇ ಬಂತಪ್ಪಾ. ಒಂದು ಜೀವವೂ ಹೋಗಲಿಲ್ಲ."

ಆಗ ನನಗೆ ಲಕಾರ ಳಕಾರದ ವ್ಯತ್ಯಾಸ ಒಮ್ಮೆಗೇ ಅರ್ಥವಾಯಿತು. ಬೆಲ್ಲ ಎಂದು ಬಾಯಿ ಬಿಡೋಣವೆಂದುಕೊಂಡೆ. ಎದೆಯ ಮೇಲಿನ ಬಿಲ್ಲೆ ಕಂಡಿತು, ಅತ್ತೆಯ ಮನೆಯ ಮಣೆ ಕಂಡಿತು. ಬಾಯಿ ಮುಚ್ಚಿಕೊಂಡೆ.

ಆ ಮಳೆಗಾಲವೆಲ್ಲ ಓಡಿದೆ. ಮೋಡ ಕಂಡರೆ ಓಡಿದೆ, ಆನೆ ನೀರಿಗಿಳಿದ ಸದ್ದಿಗೆ ಓಡಿದೆ, ಒಮ್ಮೆ ಯಾರೋ ಅನ್ನದ ಗಂಜಿ ಚೆಲ್ಲಿದ್ದಕ್ಕೂ ಓಡಿದೆ. ಮಳೆ ಮುಗಿಯಿತು, ಕಾವಲೂ ಮುಗಿಯಿತು. ಬೀಳ್ಕೊಡುವಾಗ ದೊರೆ ಬಿಲ್ಲೆಯನ್ನು ನನಗೇ ಬಿಟ್ಟು, ಮೆಚ್ಚಿ ಒಂದು ಯೋಗ್ಯತಾಪತ್ರವನ್ನೂ ಬರೆದುಕೊಟ್ಟ. ಇಂಗ್ಲಿಷಿನಲ್ಲಿ, ಮೊಹರು ಸಹಿತ.

ಊರಿಗೆ ಬಂದೆ. ಓಚ್ಚಮ್ಮಾಳ್ ಮಾತಿಗೆ ತಪ್ಪದೆ ಮಣೆ ಹಾಕಿದಳು. ಅಲ್ಲಿಗೇ ತೃಪ್ತಿಪಟ್ಟಿದ್ದರೆ ನಾನು ಇಂದಿಗೂ ಆ ಮಣೆಯ ಮೇಲೆ ನೆಮ್ಮದಿಯಾಗಿರುತ್ತಿದ್ದೆ. ಆದರೆ ಬಿಲ್ಲೆ ಪೆರಿಯಸಾಮಿಗೂ ಇತ್ತು, ಯೋಗ್ಯತಾಪತ್ರ ಇರಲಿಲ್ಲ. ಅವನನ್ನು ಕರೆಸಿದೆ, ನೆಂಟರನ್ನೆಲ್ಲ ಆಲೆಮನೆಯಲ್ಲಿ ಕೂಡಿಸಿದೆ, ಎಲ್ಲರಿಗೂ ಕೇಳುವಂತೆ ಓದಿ ಹೇಳಲು ಮೂಕಯ್ಯನವರನ್ನು ಗಾಡಿಯಲ್ಲಿ ಕರೆತಂದೆ.

ಮೂಕಯ್ಯನವರು ಗಂಟಲು ಸರಿಮಾಡಿಕೊಂಡು ಕನ್ನಡದಲ್ಲಿ ಹೇಳತೊಡಗಿದರು. "'ಅಯ್ಯನಾರ್ ಎಂಬ ಈತನು ನನ್ನ ಕೈಕೆಳಗೆ ಒಂದು ಮಳೆಗಾಲ ದುಡಿದನು.'" ನಾನು ಮೀಸೆ ಮುಟ್ಟಿಕೊಂಡೆ. "'ಇಷ್ಟು ಅಂಜುಬುರುಕನಾದ ಮನುಷ್ಯನನ್ನು ನನ್ನ ಸೇವಾವಧಿಯಲ್ಲಿ ಕಂಡಿಲ್ಲ. ಅಪಾಯ ಬರುವುದಕ್ಕೆ ಬಹಳ ಮೊದಲೇ ಓಡುತ್ತಾನೆ. ಒಮ್ಮೆಯೂ ತಡವಾಗಿ ಓಡಿದ್ದಿಲ್ಲ. ಈತನು ಕೂತಿರುವವರೆಗೆ ಉಳಿದವರು ನಿಶ್ಚಿಂತೆಯಿಂದ ತಮ್ಮ ಕೆಲಸ ಮಾಡಬಹುದು. ಉಕ್ಕುವಂಥದ್ದು ಏನಿದ್ದರೂ ಅದರ ಪಕ್ಕದಲ್ಲಿ ಈತನನ್ನು ಕೂರಿಸಲು ಹೃತ್ಪೂರ್ವಕ ಶಿಫಾರಸು ಮಾಡುತ್ತೇನೆ.'"

ಪೆರಿಯಸಾಮಿ ನಗು ತಡೆಯಲು ಹೆಗಲ ಮೇಲಿನ ವಸ್ತ್ರವನ್ನು ಬಾಯಿಗೆ ತುರುಕಿಕೊಂಡ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಓಚ್ಚಮ್ಮಾಳ್ ಮಾತ್ರ ನಗಲಿಲ್ಲ. ಕಾಗದವನ್ನು ಮೂಕಯ್ಯನವರ ಕೈಯಿಂದ ಇಸಿದುಕೊಂಡು ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ಆಮೇಲೆ ಕೊಪ್ಪರಿಗೆ, ಒಲೆ, ನಾನು, ಮೂರನ್ನೂ ಸರದಿಯಲ್ಲಿ ನೋಡಿದಳು.

"ಮಾಮಾ, ಇನ್ಮೇಲೆ ನೀ ಸಿಪ್ಪೆ ಹಾಕಬ್ಯಾಡ" ಎಂದಳು ಪ್ರೀತಿಯಿಂದ. "ಮಣೇನ ಕೊಪ್ಪರಿಗೆ ಪಕ್ಕಕ್ಕೆ ಹಾಕ್ತೀನಿ. ಬಿಲ್ಲೆ ಹಾಕ್ಕೊಂಡು ಕೂತ್ಕೋ. ನಾನು ಅತ್ತಾಗೆ ಬೆಲ್ಲದ ಅಚ್ಚಿನ ಕೆಲಸ ನೋಡ್ಕೊಂತೀನಿ. ನೀ ಓಡಿದ್ರೆ ಪಾಕ ಉಕ್ತಾ ಐತೆ ಅಂತ ತಿಳ್ಕೊಂಡು ಬರ್ತೀನಿ."

ಈ ಸಲದ ಮೊದಲ ಕೊಪ್ಪರಿಗೆ ಇಳಿಯಿತು. ಒಂದು ತೊಟ್ಟೂ ಚೆಲ್ಲಲಿಲ್ಲವಂತೆ. ನಾನು ನೋಡಲಿಲ್ಲ, ಆ ಹೊತ್ತಿಗೆ ಕಬ್ಬಿನ ಗದ್ದೆ ದಾಟಿ ಆಚೆ ಇದ್ದೆ.