ಎಳ್ಳು ನೆನೆಯುವ ಬಾಯಿ

ನಮ್ಮ ವಂಶದಲ್ಲಿ ಯಾರ ಬಾಯಲ್ಲೂ ಎಳ್ಳು ನೆನೆಯುವುದಿಲ್ಲ. ಬೆಳಗ್ಗೆ ಅಜ್ಜಿಯ ಕಿವಿಗೆ ಬಿದ್ದ ಸುದ್ದಿ ಮಧ್ಯಾಹ್ನದ ಹೊತ್ತಿಗೆ ಇಡೀ ದೊಡ್ಡಬಳ್ಳಾಪುರ ಸುತ್ತಿ, ಸುಸ್ತಾಗಿ, ನಮ್ಮ ಮನೆಗೇ ವಾಪಸು ಬರುತ್ತಿತ್ತು. ಅಂಥ ಅಜ್ಜಿಯ ಹೊಟ್ಟೆಯಲ್ಲಿ ಹುಟ್ಟಿದ ನಮ್ಮ ಚಿಕ್ಕಪ್ಪನ ಬಾಯಲ್ಲಿ ಮಾತ್ರ ಎಳ್ಳು ನೆನೆದು, ಮೊಳೆತು, ಹೂ ಬಿಟ್ಟರೂ ಹೊರಗಿನವರಿಗೆ ಸುಳಿವು ಸಿಗುತ್ತಿರಲಿಲ್ಲ! ತೊಟ್ಟಿಲು ಅದಲುಬದಲಾಗಿದೆ ಎಂದು ನನ್ನ ಗುಮಾನಿ.

ಮೊನ್ನೆ ನನ್ನ ಮೊಮ್ಮಗಳು ಚಿತ್ರವಿಲ್ಲದ, ಬಣ್ಣವಿಲ್ಲದ ಕಪ್ಪು ಪರದೆಯ ಮೇಲೆ ಒಂದೇ ಸಾಲು ಕುಟ್ಟಿ ಈಮೇಲ್ ಕಳಿಸಿ, "ನೋಡಜ್ಜಿ, ಮೌಸೇ ಬೇಡ!" ಎಂದು ಬೀಗಿದಳು. "ನಮ್ಮ ಚಿಕ್ಕಪ್ಪನಿಗೆ ಪರದೇನೂ ಬೇಕಿರಲಿಲ್ಲ ಕಣೇ" ಎಂದೆ. ಅವರು ಅಂಚೆ ಕಚೇರಿಯಲ್ಲಿ ತಂತಿ ಗುಮಾಸ್ತರು. ಹಿತ್ತಾಳೆಯ ಪುಟ್ಟ ಕೀಯನ್ನು ಕಟ್ಟ-ಕಡ ಎಂದು ಕುಟ್ಟಿದರೆ ಬೆಂಗಳೂರಿನಲ್ಲಿ ಕೂತವನಿಗೆ ಅದು ಇಂಗ್ಲಿಷಾಗಿ ಕೇಳಿಸುತ್ತಿತ್ತು. ಅವನು ಅಲ್ಲಿಂದ ಕುಟ್ಟಿದ್ದು ಇಲ್ಲಿ ಇವರ ಪೆನ್ಸಿಲಿನಿಂದ ಅಕ್ಷರವಾಗಿ ಇಳಿಯುತ್ತಿತ್ತು.

ಮನೆಯಲ್ಲೂ ಬೆರಳು ಸುಮ್ಮನಿರಬೇಕಲ್ಲ! ತಟ್ಟೆಯ ಅಂಚಿಗೆ ಮೂರು ಸಲ ಕುಟ್ಟಿದರೆ ಸಾರು, ಒಂದು ಸಲ ಎಳೆದು ಕುಟ್ಟಿದರೆ ಮಜ್ಜಿಗೆ. ಚಿಕ್ಕಮ್ಮ ಒಳಗಿನಿಂದಲೇ ಸೌಟು ಕುಟ್ಟಿ 'ಖಾಲಿ' ಎಂದು ಉತ್ತರಿಸುತ್ತಿದ್ದರು. ನಮ್ಮ ಬೀದಿಯ ತುಂಬ ಪವರ್‌ಲೂಮುಗಳು. ತಂತಿ ಭಾಷೆಯಲ್ಲಿ ಒಂದು ಗಿಡ್ಡ ಸದ್ದು, ಒಂದು ಉದ್ದ ಸದ್ದು ಸೇರಿದರೆ ಇಂಗ್ಲಿಷಿನ 'ಎ'. ಒಂದು ದಿನ ಚಿಕ್ಕಪ್ಪ ಕಿವಿಗೊಟ್ಟು ಕೇಳಿ, "ಆ ಮೂರನೇ ಮನೆ ಮಗ್ಗ ಬೆಳಗ್ಗೆಯಿಂದ ಬರೀ 'ಎ' ಅಂತಲೇ ಹೇಳ್ತಿದೆ. ಮುಂದಕ್ಕೆ ಓದೇ ಇಲ್ಲ ಪಾಪ" ಎಂದರು.

ಅವರ ಧರ್ಮ ಒಂದೇ: ತಂತಿಯ ಮಾತು ಯಾರ ಹೆಸರಿಗೆ ಬಂದಿದೆಯೋ ಅವರದು. ಲಕೋಟೆ ಅವರ ಕೈಸೇರಿ, ಸಹಿ ಬೀಳುವವರೆಗೆ ಅದು ಬಂದೇ ಇಲ್ಲ. "ನಿನ್ ಕೈಮೇಲೇ ಹೋಗುತ್ತಲ್ಲೋ, ನಮಗಷ್ಟು ಹೇಳಿದ್ರೆ ಏನೋ?" ಎಂದು ಅಜ್ಜಿ ಗೋಗರೆದರೆ, "ನಲ್ಲಿ ಎಲ್ಲಾದ್ರೂ ನೀರು ಕುಡಿಯುತ್ತೇನಮ್ಮಾ?" ಎನ್ನುತ್ತಿದ್ದರು. ಮುಖ ನೋಡಿಯೇ ಊರವರು ಸುದ್ದಿ ಓದಿಬಿಟ್ಟಾರೆಂದು ನಗುವುದನ್ನೂ ಬಿಟ್ಟಿದ್ದರು. ಸೀರೆ ವ್ಯಾಪಾರಿಯೊಬ್ಬ ನಡುಬೀದಿಯಲ್ಲಿ ಹಿಡಿದು, "ಏನ್ ಸ್ವಾಮಿ, ಎದುರಂಗಡಿಗೆ ಮದರಾಸಿಂದ ತಂತಿ ಬಂತಂತೆ?" ಎಂದ. "ಹೌದಾ? ಯಾರ್ ಹೇಳಿದ್ರಪ್ಪ?" ಎಂದು ಚಿಕ್ಕಪ್ಪ ಅವನನ್ನೇ ಕೇಳಿದರು!

ಈ ಧರ್ಮದ ರುಚಿಯನ್ನು ಪೂರ್ತಿ ಉಂಡವಳು ನಾನು. ಮೈಸೂರಿನ ಗಂಡಿನ ಕಡೆಯವರು ನನ್ನನ್ನು ನೋಡಿ, ಉಪ್ಪಿಟ್ಟು ತಿಂದು, "ತಂತಿ ಕೊಡ್ತೀವಿ" ಎಂದು ಹೋಗಿದ್ದರು. ಐದನೆಯ ದಿನ ಚಿಕ್ಕಪ್ಪ ಊಟಕ್ಕೆ ಬಂದಾಗ ಬಡಿಸಿದವಳು ನಾನೇ.

"ಮೈಸೂರಿಂದ ಏನಾದ್ರೂ ಬಂತೇನೋ?" ಎಂದಳು ಅಜ್ಜಿ.

"ಬಂದಿದ್ರೆ ಬರುತ್ತಮ್ಮ."

"ಅಂದ್ರೆ? ಬಂದಿದ್ಯೋ, ಇಲ್ವೋ?"

"ಸಾರು ಚೆನ್ನಾಗಿದೆ."

ಎರಡು ಮುದ್ದೆ ನುಂಗಿ, ಕೈತೊಳೆದು ಹೊರಟುಹೋದರು. ತಂತಿ ಬೆಳಗ್ಗೆ ಹನ್ನೊಂದಕ್ಕೇ ಬಂದಿತ್ತು! ಬರೆದುಕೊಂಡವರೂ ಅವರೇ. ಲಕೋಟೆ ಹಂಚುವವನು ಇನ್ನೊಂದು ತಂತಿ ಹಿಡಿದು ಸೈಕಲ್ಲಿನಲ್ಲಿ ದೂರದ ಹಳ್ಳಿಗೆ ಹೋಗಿದ್ದ. ಅವನು ಬಂದು ನಮ್ಮ ಬಾಗಿಲು ತಟ್ಟುವಾಗ ಗಂಟೆ ನಾಲ್ಕು. ಸಂಜೆ ಮನೆಗೆ ಬಂದ ಚಿಕ್ಕಪ್ಪ, "ಹೌದಾ? ಒಪ್ಪಿದ್ರಾ? ಭಲೇ!" ಎಂದು ಆಗತಾನೇ ಕೇಳಿದವರ ಹಾಗೆ ಸಕ್ಕರೆ ಬಾಯಿಗೆ ಹಾಕಿಕೊಂಡರು. ಅಜ್ಜಿ ಎಂಟು ದಿನ ಅವರೊಂದಿಗೆ ಮಾತು ಬಿಟ್ಟಳು. ಚಿಕ್ಕಪ್ಪನಿಗೆ ಅದು ಗೊತ್ತೇ ಆಗಲಿಲ್ಲ.

ಮರುವರ್ಷ ನಾನು ಹೆರಿಗೆಗೆ ತವರಿಗೆ ಬಂದಿದ್ದೆ. ಗಡಿಯಲ್ಲಿ ಯುದ್ಧ ನಡೆದಿತ್ತು. ಎದುರುಮನೆಯ ನೇಕಾರರ ಚೌಡಮ್ಮನ ಒಬ್ಬನೇ ಮಗ ಮಿಲಿಟರಿಯಲ್ಲಿದ್ದ. ಮೂರು ವಾರದಿಂದ ಅವನ ಕಾಗದವಿಲ್ಲ. ಚೌಡಮ್ಮ ಮಗ್ಗ ನಿಲ್ಲಿಸಿ ಹೊಸ್ತಿಲ ಮೇಲೇ ಕೂತುಬಿಟ್ಟಿದ್ದಳು. ಆ ಕಾಲದಲ್ಲಿ ತಂತಿ ಎಂದರೆ ಸಾವು; ಲಕೋಟೆ ಒಡೆಯುವ ಮೊದಲೇ ಜನ ಅಳಲು ಶುರುಮಾಡುತ್ತಿದ್ದರು. ಒಂದು ಸಂಜೆ ಅವಳು ಚಿಕ್ಕಪ್ಪನಿಗೆ ಕೈಮುಗಿದು, "ನನ್ ಹೆಸರಿಗೆ ತಂತಿ ಬಂದ್ರೆ ತರಬ್ಯಾಡಿ ಸ್ವಾಮಿ, ಕೆರೆಗೆ ಎಸೆದ್ಬಿಡಿ" ಎಂದಳು. ಚಿಕ್ಕಪ್ಪ ನೆಲ ನೋಡುತ್ತಾ, "ತರ್ಲೇಬೇಕಾಗುತ್ತಮ್ಮ" ಎಂದರು. ಎಂಥ ಕಲ್ಲುಮನುಷ್ಯ ಎಂದು ನನಗೆ ಉರಿದುಹೋಯಿತು.

ನಾಲ್ಕು ದಿನದ ಮೇಲೆ, ಬೆಳಗ್ಗೆ ನಾನು ಜಗಲಿಯಲ್ಲಿ ಕೂತಿದ್ದಾಗ, ಬೀದಿಯ ಆ ತುದಿಯಿಂದ ಚಿಕ್ಕಪ್ಪ ಓಡಿಬರುತ್ತಿದ್ದರು. ಕಾಲಲ್ಲಿ ಚಪ್ಪಲಿಯಿಲ್ಲ, ಕೈಯಲ್ಲಿ ಲಕೋಟೆಯಿಲ್ಲ, ಕಿವಿಯ ಮೇಲೆ ಪೆನ್ಸಿಲು ಮಾತ್ರ. ತಂತಿಯವರೇ ಓಡಿಬಂದರೆಂದರೆ ಕೇಳಬೇಕೇ? ಹೆಂಗಸರು ಬಾಯಿ ಬಡಿದುಕೊಂಡರು. ಚೌಡಮ್ಮ ಎದ್ದುನಿಂತು ಎರಡೂ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡಳು.

ಚಿಕ್ಕಪ್ಪ ಏನೋ ಕೂಗುತ್ತಿದ್ದರು. ಮಗ್ಗಗಳ ಸದ್ದಿನಲ್ಲಿ ಒಂದಕ್ಷರ ಕೇಳಿಸದು! ಜೀವಮಾನದಲ್ಲಿ ಒಂದೇ ಸಲ ಬಾಯಿಬಿಟ್ಟ ಮನುಷ್ಯನಿಗೆ ಹೀಗಾಗಬೇಕೇ? ಕೂಗಿ ಕೂಗಿ ಸೋತು, ಅವಳೆದುರು ನಿಂತು, ಅವರು ನಕ್ಕರು. ಅಷ್ಟೂ ಹಲ್ಲು ಕಾಣುವ ಹಾಗೆ ನಕ್ಕರು. ಚೌಡಮ್ಮ ಆ ಹಲ್ಲುಗಳನ್ನೇ ನೋಡುತ್ತಾ ಮೆಲ್ಲಗೆ ಕೈ ಇಳಿಸಿದಳು.

"ಬದುಕಿದಾನಮ್ಮ! ಆಸ್ಪತ್ರೆಯಲ್ಲಿದಾನೆ, ಕೈಗೆ ಪೆಟ್ಟಷ್ಟೇ. ಅವನೇ ಕೊಟ್ಟಿದಾನೆ ತಂತಿ!"

ಅವಳು ಅಲ್ಲೇ ಕುಸಿದು ಅವರ ಧೂಳುಗಾಲು ಹಿಡಿದುಕೊಂಡಳು. ಅರ್ಧ ಗಂಟೆಯ ಮೇಲೆ ಲಕೋಟೆಯೂ ಬಂತು, ಹೆಬ್ಬೆಟ್ಟೂ ಬಿತ್ತು. ಅಷ್ಟರಲ್ಲಿ ಚಿಕ್ಕಪ್ಪ ಕಚೇರಿಗೆ ಮರಳಿ, ತಾನು ನಿಯಮ ಮುರಿದೆನೆಂದು ಮೇಲಧಿಕಾರಿಗೆ ತಾನೇ ಕಾಗದ ಬರೆದು ಹಾಕಿದ್ದರು!

ಮಧ್ಯಾಹ್ನ ಅಜ್ಜಿ ಬಿಡಲಿಲ್ಲ. "ಮೊಮ್ಮಗಳ ಮದುವೆ ಸುದ್ದಿಗೆ ಬಾಯಿ ಬಿಡದೋನು, ಅವಳಿಗ್ಯಾಕೋ ಓಡ್ದೆ?"

"ನೀವು ಸಂಜೆವರೆಗೂ ಕಾದ್ರೆ ಏನಾಗ್ತಿತ್ತಮ್ಮ? ಆಯಮ್ಮ ಮೂರು ವಾರದಿಂದ ಹೊಸ್ತಿಲ ಮೇಲಿದ್ಲು. ಲಕೋಟೆಯವನ ಸೈಕಲ್ಲಿನ ಗಂಟೆ ಕೇಳಿದ್ರೇ ಅವಳ ಜೀವ ಹೋಗ್ತಿತ್ತು" ಎನ್ನುತ್ತಾ ಚಿಕ್ಕಪ್ಪ ತಟ್ಟೆಯ ಮುಂದೆ ಮಗುವಿನ ಹಾಗೆ ಅತ್ತುಬಿಟ್ಟರು.

ಅಜ್ಜಿ ಸೆರಗಿನಿಂದ ಅವರ ಮುಖ ಒರೆಸಿ, ಮುದ್ದೆಯ ಮೇಲೆ ತುಪ್ಪ ಹಾಕಿದಳು. ಊರ ಸುದ್ದಿಯನ್ನೆಲ್ಲ ಹಂಚುತ್ತಿದ್ದ ಅಜ್ಜಿ, ತನ್ನ ಮಗ ಅತ್ತದ್ದನ್ನು ಮಾತ್ರ ಸಾಯುವವರೆಗೆ ಯಾರಿಗೂ ಹೇಳಲಿಲ್ಲ. ಇಷ್ಟು ವರ್ಷ ನಾನೂ ಹೇಳಿರಲಿಲ್ಲ.